ಈಳಿಗೆ, ಅಡಕತ್ತರಿ ಮತ್ತು ಗಾಜಿನ ಕಪಾಟು

ಬೀದರಿನ ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಬಿದರಿ ಕೆಲಸದ ಅಂಗಡಿಗಳಿವೆ. ಗಾಜಿನ ಕಪಾಟುಗಳಲ್ಲಿ ಹೂದಾನಿ, ಪೆಟ್ಟಿಗೆ, ತಟ್ಟೆ, ಆನೆ, ನವಿಲು. ಅವುಗಳ ಸಂದಿಯಲ್ಲಿ ಒಂದು ಗೇಣಿಗಿಂತ ತುಸು ಚಿಕ್ಕದಾದ, ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ ಚಾಕು. ಲಕೋಟೆ ಒಡೆಯುವ ಚಾಕು. ನಿವೃತ್ತರಾಗುವ ಅಧಿಕಾರಿಗಳಿಗೆ, ಸಮ್ಮೇಳನಕ್ಕೆ ಬಂದ ಅತಿಥಿಗಳಿಗೆ ಶಾಲು-ಹಾರದ ಜೊತೆ ಕೊಡಲು ಹೇಳಿ ಮಾಡಿಸಿದಂಥ ವಸ್ತು. ಲಕೋಟೆಯಲ್ಲಿ ಪತ್ರ ಬರುವುದೇ ಅಪರೂಪವಾದ ಈ ಕಾಲದಲ್ಲಿ ಅದು ಒಂದು ಷೋಕೇಸಿನಿಂದ ಹೊರಟು ಇನ್ನೊಂದು ಷೋಕೇಸಿಗೆ ಹೋಗಿ ಕೂಡುತ್ತದೆ, ಅಷ್ಟೆ. ಅದೇ ಪೇಟೆಯಲ್ಲಿ ಕಬ್ಬಿಣದ ಸಾಮಾನು ಮಾರುವವರ ಹತ್ತಿರ ಗೋಣಿತಟ್ಟಿನ ಮೇಲೆ ಈಳಿಗೆ, ಕುಡುಗೋಲು, ಖುರ್ಪಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಿ ಹೆಂಗಸರು ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಆಡಿಸಿ, ಮೂಗು ಮುರಿದು, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಬಿದರಿ ಅಂಗಡಿಯಲ್ಲಿ ಹೀಗೆ ಹೆಬ್ಬೆರಳು ಆಡಿಸಿ ನೋಡಿದವರನ್ನು ನಾನು ಕಂಡಿಲ್ಲ.

ನೋಡಿದರೂ ಪ್ರಯೋಜನವಿಲ್ಲ. ಬಿದರಿಯ ಚಾಕು ಕೊಯ್ಯುವುದಿಲ್ಲ. ಅದರ ಮೈ ಸತುವಿನದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸಿ ಅಚ್ಚಿಗೆ ಎರೆಯುತ್ತಾರೆ. ಸತುವು 420 ಡಿಗ್ರಿಗೇ ಕರಗುವ ಲೋಹ, ಮಸೆದರೆ ಅಂಚು ನಿಲ್ಲದು. ಹುಣಸೆಹುಳಿ, ನಿಂಬೆರಸ ತಾಗಿದರೆ ಕೆಡುತ್ತದೆ ಬೇರೆ. ಹಳೆಯ ಕಾಲದ ಬಿದರಿಯ ಕೆಲಸ ಕಠಾರಿಯ ಹಿಡಿಯ ಮೇಲೆ ಇರುತ್ತಿತ್ತೇ ಹೊರತು ಅಲಗಿನಲ್ಲಿ ಇರುತ್ತಿರಲಿಲ್ಲ.

ಆದರೂ ಈ ಕೆಲಸ ಪೂರ್ತಿ ನಿಂತಿರುವುದು ಒಂದು ಹರಿತವಾದ ಅಲಗಿನ ಮೇಲೆಯೇ. ಎರೆದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೊರೆದ ಗೆರೆ ಕಣ್ಣಿಗೆ ಕಾಣಲೆಂದು. ಆಮೇಲೆ ಪುಟ್ಟ ಪುಟ್ಟ ಉಕ್ಕಿನ ಉಳಿಗಳಿಂದ ಹೂವು ಬಳ್ಳಿಗಳನ್ನು ಕೊರೆಯುವುದು. ಈ ಉಳಿಗೆ ಅವರು 'ಕಲಂ' ಎನ್ನುತ್ತಾರೆ, ಅಂದರೆ ಲೇಖನಿ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ತಟ್ಟಿ ಕೂಡಿಸಿದರೆ 'ತಾರ್‌ಕಶಿ', ಬೆಳ್ಳಿಯ ತಗಡನ್ನು ಕೂಡಿಸಿದರೆ 'ತೆಹ್‌ನಿಶಾನ್'. ಕಡೆಗೆ ಕೋಟೆಯ ಒಳಗಿನ, ಬಿಸಿಲು ಮಳೆ ಕಾಣದ ಜಾಗದ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕದಡಿ, ಬಿಸಿ ಮಾಡಿ ತಿಕ್ಕಿದರೆ ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ನಾಲಗೆಯ ಮೇಲಿಟ್ಟು ರುಚಿ ನೋಡುತ್ತಾರೆ. ಉಪ್ಪಿನಕಾಯಿಗೆ ಉಪ್ಪು ನೋಡುವ ನಮಗೆ ಇದೇನೂ ಅಷ್ಟು ವಿಚಿತ್ರವಲ್ಲ.

ಈಗ ನೋಡಲಿಕ್ಕಷ್ಟೇ ಎಂದು ನಾವು ತಿಳಿದಿರುವ ಈ ವಸ್ತುಗಳು ಹುಟ್ಟಿದ್ದು ದಿನಬಳಕೆಗೆ. ಬಹಮನಿ ದೊರೆ ಅಹಮದ್ ಶಾ 15ನೇ ಶತಮಾನದಲ್ಲಿ ಗುಲ್ಬರ್ಗದಿಂದ ರಾಜಧಾನಿಯನ್ನು ಬೀದರಿಗೆ ತಂದ ಮೇಲೆ ಇರಾನಿನ ಕಡೆಯ ಕುಶಲಿಗರು ಇಲ್ಲಿಗೆ ಬಂದರೆಂದು ಹೇಳಿಕೆ. ಮ್ಯೂಸಿಯಮ್ಮುಗಳಲ್ಲಿ ಉಳಿದಿರುವ ಹಳೆಯ ಬಿದರಿಯನ್ನು ನೋಡಿ: ಹುಕ್ಕದ ಬುಡ, ಪಾನದಾನ, ಉಗುಳುವ ಪಾತ್ರೆ, ಕೈ ತೊಳೆಯುವ ಆಫ್ತಾಬಾ, ಜಮಖಾನೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಇಡುವ ಭಾರದ ಗುಂಡುಗಳು. ಎಲ್ಲವೂ ಕೈ, ಬಾಯಿ ತಾಗುವ ಸಾಮಾನುಗಳು. ಪಾನದಾನವಂತೂ ಜನಾನಾದ ವಸ್ತು. ಅದನ್ನು ಎದುರಿಗಿಟ್ಟುಕೊಂಡು ಎಷ್ಟು ತಲೆಮಾರಿನ ಬೇಗಮರು ಮನೆಯ ವ್ಯವಹಾರ ನಡೆಸಿದರೋ! ಸಿರಿವಂತರ ಮನೆಯದೇ ಇರಬಹುದು. ಆದರೂ ಅದು ಬಳಸುವ ಸಾಮಾನು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಬಿದರಿ ಹೋಯಿತು. ಅಲ್ಲಿಯವರು ಮೆಚ್ಚಿ ಕೊಂಡರು; ಈಗಲೂ ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಒಳ್ಳೆಯ ಸಂಗ್ರಹವಿದೆ. ಹುಕ್ಕ ಸೇದದವರು ಹುಕ್ಕದ ಬುಡವನ್ನು ಕೊಂಡದ್ದು ಆಗಿನಿಂದ ಶುರುವಾಯಿತೆನ್ನಬಹುದು. ನಮ್ಮ ಕಡೆ ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ತಮ್ಮ ಜೀವಮಾನವನ್ನೇ ವಸ್ತುಗಳನ್ನು ಕೂಡಿಸುವುದರಲ್ಲಿ ಕಳೆದರು. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರಲ್ಲಿ ಅದು ಸಾಲಾರ್ ಜಂಗ್ ಮ್ಯೂಸಿಯಮ್ ಆಯಿತು. ಅಲ್ಲಿಯ ಬಿದರಿಯನ್ನು ನೋಡಿ ಬಂದವರಿಗೆ ನಮ್ಮ ಅಂಗಡಿಗಳ ಮಾಲು ತುಸು ಸಪ್ಪೆಯೆನಿಸುತ್ತದೆ. ಅದು ಕುಶಲಿಗರ ತಪ್ಪಲ್ಲ. ನವಾಬರು ಹೋದರು, ಹುಕ್ಕ ಹೋಯಿತು, ಪಾನದಾನಗಳು ಅಟ್ಟ ಸೇರಿದವು. ಹೊಟ್ಟೆಪಾಡಿಗೆ ಅವರು ಸಿಗರೇಟಿನ ಬೂದಿ ಕೊಡಹುವ ತಟ್ಟೆ, ಅಂಗಿಯ ಗುಂಡಿ, ಲಕೋಟೆ ಚಾಕು ಮಾಡತೊಡಗಿದರು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸಂತೋಷಪಟ್ಟಿತು. ಆ ಸಂಭ್ರಮದಲ್ಲಿ ಪಾಲುಗೊಂಡವರಲ್ಲಿ ಎಷ್ಟು ಮನೆಗಳಲ್ಲಿ ಬಳಸುವ ಬಿದರಿ ಇದೆಯೆಂದು ಯಾರಾದರೂ ಎಣಿಸಬೇಕಿತ್ತು. ನಮ್ಮ ಮನೆಯಲ್ಲಿರುವುದು ಕುಂಕುಮದ ಭರಣಿ ಒಂದೇ. ಅದಕ್ಕೆ ದಿನಾ ಬೆರಳು ತಾಗುತ್ತದೆ, ಕಪ್ಪು ಇನ್ನೂ ಮಾಸಿಲ್ಲ.

ಅಲಗಿನ ಮಾತಿಗೆ ಮರಳಿ ಬರೋಣ. ಈ ದಖನ್ನಿನ ಉಕ್ಕು ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿತ್ತು. ಈಗಿನ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಮ್ ಎಂಬ ಹಳ್ಳಿ ನಮ್ಮಿಂದ ಬಹಳ ದೂರವೇನಲ್ಲ. ಅಲ್ಲಿ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ಹಾಕಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ, ನಿಧಾನವಾಗಿ ಆರಿಸಿ ಉಕ್ಕಿನ ಗಟ್ಟಿಗಳನ್ನು ಮಾಡುತ್ತಿದ್ದರು. ಹೆನ್ರಿ ವಾಯ್ಸಿ ಎಂಬವರು ಅದನ್ನು ಕಣ್ಣಾರೆ ಕಂಡು ಬರೆದದ್ದು 1832ರಲ್ಲಿ ಅಚ್ಚಾಯಿತು. ಇರಾನಿನ ವ್ಯಾಪಾರಿಗಳು ಅಲ್ಲಿಗೇ ಬಂದು ಕೂತು ಉಕ್ಕು ಕೊಳ್ಳುತ್ತಿದ್ದರು. ಡಮಾಸ್ಕಸ್ಸಿನ ಕತ್ತಿಯೆಂದು ಹೆಸರಾದ, ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಖಡ್ಗಗಳಿಗೆ ಇಂಥದೇ ಉಕ್ಕು ಬೇಕಾಗಿತ್ತು. ಇಂಗ್ಲಿಷರು ಇದನ್ನು 'ವೂಟ್ಜ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಮಾತೇ ಹಾಗಾಯಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಬಗ್ಗೆ ಪ್ರಬಂಧ ಓದಿದ. 1820ರ ಸುಮಾರಿಗೆ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕಲು ಹೊರಟ. ಅವನ ಜೊತೆಗಿದ್ದ ಜೇಮ್ಸ್ ಸ್ಟೋಡಾರ್ಟ್ ಚಾಕು ಮತ್ತು ವೈದ್ಯರ ಸಲಕರಣೆ ಮಾಡುವ ಕಸುಬಿನವನು. ನಯವಾದ ಅಂಚಿಗೆ ಈ ಉಕ್ಕೇ ಸರಿ ಎಂದು ಅವನ ಮತ. ಉಕ್ಕು ಇಲ್ಲಿಯದು, ಹೆಸರು ನಮ್ಮದು. ಆದರೆ ಆ ಮೇಲಾದ ಉಕ್ಕು ನಮ್ಮ ಅಡುಗೆಮನೆಗಳ ಈಳಿಗೆಗೆ ಬಂದಿತ್ತೆಂದು ನಾನು ನಂಬುವುದಿಲ್ಲ. ದುಬಾರಿ ಉಕ್ಕು ಯಾವ ಕಾಲಕ್ಕೂ ಮೊದಲು ಕತ್ತಿಯ ಒರೆಗೇ ಹೋಗುವುದು. ಈಗ ಬೀದರ ಕೋಟೆಯ ಹಳೆಯ ಹಮಾಮಿನಲ್ಲಿ ಇರುವ ಮ್ಯೂಸಿಯಮ್ಮಿನಲ್ಲಿ ಆಯುಧಗಳನ್ನು ನೋಡಬಹುದು. ಆ ಸೈನ್ಯಗಳಿಗೆಲ್ಲ ಕಾಯಿಪಲ್ಲೆ ಹೆಚ್ಚಿಕೊಟ್ಟ ಅಲಗುಗಳು ಎಲ್ಲಿವೆ? ಮಸೆದು ಮಸೆದು ಸವೆದು, ಕಡೆಗೆ ಕಮ್ಮಾರನ ಕುಲುಮೆಯಲ್ಲಿ ಕರಗಿ ಮತ್ತೇನೋ ಆಗಿರಬೇಕು. ಬಳಸಿದ ವಸ್ತುವಿಗೆ ಇತಿಹಾಸ ಉಳಿಯದೆ ಇರುವುದಕ್ಕೆ ಇದೊಂದು ಸರಳ ಕಾರಣ.

ಬೀದರಿಗೆ ಇನ್ನೊಂದು ಅಲಗಿನ ಕಥೆಯಿದೆ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದುನಿಂತ ಐವರು ಪ್ರಿಯರಲ್ಲಿ ಒಬ್ಬರು ಬೀದರಿನ ಸಾಹಿಬ್ ಚಂದ್, ಮುಂದೆ ಭಾಯಿ ಸಾಹಿಬ್ ಸಿಂಗ್. ಸಿಖ್ಖರ ಪರಂಪರೆಯ ಪ್ರಕಾರ ಅವರು ಕ್ಷೌರಿಕರ ಮನೆಯವರು. ಬೀದರ ಸಮೀಪದ ಜನವಾಡದಲ್ಲಿ ಅವರ ಹೆಸರಿನ ಗುರುದ್ವಾರವಿದೆ. ಕ್ಷೌರದ ಕತ್ತಿಯ ಕುಲದಲ್ಲಿ ಹುಟ್ಟಿದವರು ಕೂದಲು ತೆಗೆಯಬಾರದೆಂಬ ವ್ರತ ತೊಟ್ಟು ಕೃಪಾಣ ಹಿಡಿದರು! ನಾನಕ ಝೀರಾಕ್ಕೆ ಬರುವ ಯಾತ್ರಿಕರು ಕೃಪಾಣ ಧರಿಸಿಯೇ ಬರುತ್ತಾರೆ. ನಮ್ಮ ಸಂವಿಧಾನದ 25ನೇ ಅನುಚ್ಛೇದದ ವಿವರಣೆಯಲ್ಲೇ ಅದಕ್ಕೆ ಅವಕಾಶ ಬರೆದಿದೆ. ಕೃಪಾಣವನ್ನು ಯಾವ ಗುಂಪಿಗೆ ಸೇರಿಸುವುದು? ಅದು ಸಂಗ್ರಹವೂ ಅಲ್ಲ, ತರಕಾರಿ ಹೆಚ್ಚುವುದೂ ಅಲ್ಲ. ಮೈಮೇಲೆ ಇರುವುದೇ ಅದರ ಬಳಕೆ.

ಕಾನೂನು ಕೂಡ ಈ ಗೆರೆ ಎಳೆಯಲು ಹೆಣಗಿದೆ. 1959ರ ಆಯುಧ ಕಾಯಿದೆ ಆಯುಧವೆಂದರೇನೆಂದು ಹೇಳುವಾಗ, ಮನೆಗೆಲಸಕ್ಕೆ ಮತ್ತು ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳನ್ನು ಹೊರಗಿಟ್ಟಿದೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿದ್ದರೆ ನಿಯಮ ಬೇರೆ. ಆದರೆ ಆ ಅಲಗು ಅಡುಗೆಮನೆಯದಾದರೆ ಮತ್ತೆ ವಿನಾಯಿತಿ. ನಮ್ಮ ಈಳಿಗೆಯ ಅಲಗು ಮುಕ್ಕಾಲು ಮೊಳವಿತ್ತು. ಯಾವ ಪೊಲೀಸನೂ ಅದರ ಅಳತೆ ತೆಗೆದುಕೊಂಡವನಲ್ಲ.

ಕಾಲ ಕೆಟ್ಟಾಗ ಮಾತ್ರ ಈ ಗೆರೆ ಅಳಿಸಿಹೋಗುತ್ತದೆ. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಊರನ್ನೇ ಕೊಂದು ಸುಟ್ಟರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡದ್ದೂ ಇಲ್ಲಿಯೇ. ವಿಚಾರಣೆಗೆ ಬಂದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಔರಾದ ತಾಲೂಕಿನ ನಮ್ಮ ತವರಿನಲ್ಲಿ ಆಗ ಆಯಿ ಹೊಸದಾಗಿ ನಡೆಯಲು ಬಂದ ಸೊಸೆ. ಮನೆಯ ಕುಡುಗೋಲು, ಕೊಡಲಿ, ಈಳಿಗೆಗಳನ್ನೆಲ್ಲ ಜೋಳದ ಹಗೇವಿನಲ್ಲಿ ಹಾಕಿ ಮುಚ್ಚಿದ್ದರಂತೆ. ಹೊರಗಿನವರ ಕೈಗೆ ಸಿಗಬಾರದೆಂದೋ, ಮನೆಯ ಗಂಡಸರ ಕೈಗೆ ಸಿಗಬಾರದೆಂದೋ ಎಂದು ನಾನು ಕೇಳಿದ್ದೆ. "ಯಾರ ಕೈಗೂ ಸಿಗಬಾರ್ದು ಅಂತ್ಹೇಳಿ ನಮ್ಮತ್ತಿ ಹಾಕಿದ್ರವ್ವಾ" ಎಂದಳು ಆಯಿ. ಎಷ್ಟೋ ದಿನ ಬದನೆಕಾಯಿಯನ್ನು ಇಡಿಯಾಗಿ ಸುಟ್ಟು, ಸೊಪ್ಪನ್ನು ಕೈಯಿಂದ ಮುರಿದು ಅಡುಗೆ ಮಾಡಿದರಂತೆ. ನಮ್ಮ ಮನೆಯಲ್ಲಿ ಇವತ್ತಿಗೂ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ನೆಲಕ್ಕಿಟ್ಟು ತೆಗೆದುಕೊಳ್ಳುತ್ತೇವೆ. ಇದು ಎಲ್ಲ ಕಡೆಯ ಪದ್ಧತಿಯೇ. ಆದರೆ ಆಯಿ ಅದನ್ನು ಪಾಲಿಸುವಾಗ ಮುಖ ಬೇರೆ ರೀತಿ ಇರುತ್ತಿತ್ತು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯನ್ನು ಮೂರು ರಾಜ್ಯಗಳು ಹಂಚಿಕೊಂಡವು. ಉದಗೀರ, ನಿಲಂಗಾ ಮುಂಬಯಿ ಕಡೆಗೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಮಾತು ಹಂಚಿಹೋಗಲಿಲ್ಲ. ಈಳಿಗೆಯನ್ನು ನಾವು ಈಳಿಗಿ ಅಂದರೆ ಪಕ್ಕದ ಮನೆಯವರು ವಿಳಿ ಅನ್ನುತ್ತಾರೆ. ಅಡಕತ್ತರಿ ಮರಾಠಿಯವರ ಬಾಯಲ್ಲಿ ಅಡಕಿತ್ತಾ, ಉರ್ದುವಿನಲ್ಲಿ ಸರೋತಾ. ಮೂರೂ ರಾಜ್ಯಗಳ ಗಡಿ ದಾಟಿ ಓಡಾಡಿದವರು ಘಿಸಾಡಿಗಳು, ತಿರುಗಾಡುವ ಕಮ್ಮಾರರು. ಊರಿನ ಕಮ್ಮಾರನಿಗೆ ಸುಗ್ಗಿಯಲ್ಲಿ ಆಯದ ಜೋಳ ಸಲ್ಲುತ್ತಿತ್ತು, ಅವನು ಕೂರಿಗೆ, ಕುಂಟೆ ನೋಡಿಕೊಳ್ಳುತ್ತಿದ್ದ. ಘಿಸಾಡಿಗಳದು ರೊಕ್ಕದ ವ್ಯವಹಾರ. ಬಂಡಿ ಬಿಚ್ಚಿ, ನೆಲದಲ್ಲಿ ಚಿಕ್ಕ ಕುಲುಮೆ ಮಾಡಿ, ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಯಿಸಿ ಖುರ್ಪಿ, ಕುಡುಗೋಲು ಬಡಿಯುತ್ತಾರೆ. ಲಾರಿಯ ಭಾರಕ್ಕೆ ಬಾಗಿ ಏಳುವ ಪಟ್ಟಿ ಒಳ್ಳೆಯ ಉಕ್ಕು, ಕಾಯಿಸಿ ನೀರಿಗೆ ಅದ್ದಿದರೆ ಅಲಗು ಗಟ್ಟಿಯಾಗುತ್ತದೆ. ಗಂಡ ಇಕ್ಕಳದಲ್ಲಿ ಹಿಡಿದು ಕೂತಿರುತ್ತಾನೆ. ದೊಡ್ಡ ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಹೊಡೆಯುವವಳು ಹೆಂಡತಿ, ಎಷ್ಟೋ ಸಲ ಬೆನ್ನಿಗೆ ಕೂಸು ಕಟ್ಟಿಕೊಂಡು. ಕತ್ತಿಯ ಇತಿಹಾಸವೆಲ್ಲ ಗಂಡಸರದೆಂದು ಬರೆಯುವವರು ಔರಾದದ ಅಮರೇಶ್ವರನ ಜಾತ್ರೆಗೆ ಬಂದು ಅರ್ಧ ಗಂಟೆ ನಿಂತು ನೋಡಬೇಕು. ಮಾಡುವವಳು ಹೆಂಗಸು, ಕೊಳ್ಳುವವಳು ಹೆಂಗಸು, ಅದನ್ನು ಹಿಡಿದು ಉದ್ದು, ಸೋಯಾ ಕೊಯ್ಯುವವಳೂ ಹೆಂಗಸೇ. ಈಗ ಸೋಯಾ ಕೊಯ್ಯಲು ಯಂತ್ರ ಬಂದಿದೆ. ಪ್ಲಾಸ್ಟಿಕ್ ಹಿಡಿಯ ಸ್ಟೀಲಿನ ಚಾಕುಗಳು ಪೇಟೆಯಲ್ಲಿ ಮೂರಕ್ಕೆ ಇಷ್ಟೆಂದು ಸಿಗುತ್ತವೆ. ಆ ಸುತ್ತಿಗೆಯವಳ ಎದುರು ಮೊದಲಿನಷ್ಟು ಮಂದಿ ಕೂರುವುದಿಲ್ಲ.

ಈಳಿಗೆ ಹೋಯಿತೆಂದು ಕಣ್ಣೀರು ಹಾಕುವವರಲ್ಲಿ ನಾನು ಸೇರುವುದಿಲ್ಲ. ಅದು ಜಾಣ ಸಾಧನ ಎನ್ನುವುದು ನಿಜ. ಅಲಗು ಕಾಲ ಕೆಳಗೆ ಸ್ಥಿರವಾಗಿ ನಿಂತಿರುತ್ತದೆ, ಎರಡೂ ಕೈಗಳು ಕಾಯಿಪಲ್ಲೆಗೆ ಬಿಡುವಾಗಿರುತ್ತವೆ. ಕುಂಬಳಕಾಯಿಯನ್ನು ಅದರಷ್ಟು ಸಲೀಸಾಗಿ ಚಾಕು ಸೀಳಲಾರದು. ಕರಾವಳಿಯ ಈಳಿಗೆಮಣೆಯ ತುದಿಗೆ ತೆಂಗಿನಕಾಯಿ ತುರಿಯುವ ಹಲ್ಲಿರುತ್ತದೆ. ನಮ್ಮ ಮನೆಯದು ಬರಿಯ ಅಲಗು, ತೇಗದ ಮಣೆ. ಆದರೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತವರು ತುಂಬು ಬಸುರಿಯರೂ ಹೌದು, ಮೊಣಕಾಲು ಹಿಡಿದ ಮುದುಕಿಯರೂ ಹೌದು. ಭಾಲ್ಕಿಯ ಮನೆಯಲ್ಲಿ ಗ್ಯಾಸಿನ ಒಲೆಯ ಜೊತೆಗೆ ಎತ್ತರದ ಕಟ್ಟೆ ಬಂದಾಗ ನಮ್ಮತ್ತೆ ಮೊದಲು ಕೊಂಡದ್ದು ಚಾಕು. ಈಳಿಗೆ ಅಟ್ಟಕ್ಕೆ ಹೋಯಿತು. ವರ್ಷಕ್ಕೊಮ್ಮೆ ಖಂಡೇ ಪೂಜೆಯ ದಿನ ಕೆಳಗಿಳಿಯುತ್ತದೆ. ತೊಳೆದು, ಕುಂಕುಮ ಹಚ್ಚಿ, ಕುಡುಗೋಲು, ಕತ್ತರಿ, ಹೊಲಿಗೆ ಯಂತ್ರದ ಸಾಲಿನಲ್ಲಿ ಇಡುತ್ತೇವೆ. ಮೊದಲು ಆ ಒಂದು ದಿನ ಅದಕ್ಕೆ ಬಿಡುವು ಸಿಗುತ್ತಿತ್ತು. ಈಗ ಆ ಒಂದು ದಿನ ಅದಕ್ಕೆ ಕೆಲಸ.

ಅಡಕತ್ತರಿಯ ಹಣೆಬರಹ ಬೇರೆ. ಅದಕ್ಕೆ ಈಗ ಗಿರಾಕಿಗಳಿದ್ದಾರೆ. ಎಲೆ ಅಡಿಕೆ ನಮ್ಮ ಕಡೆ ಹಳೆಯ ಸಂಗತಿ. 12ನೇ ಶತಮಾನದ ಕಲ್ಯಾಣದಲ್ಲಿ ಹಡಪ, ಅಂದರೆ ಎಲೆಯಡಿಕೆಯ ಚೀಲ ಹಿಡಿಯುವ ಕಾಯಕದವರು ಹಡಪದ ಅಪ್ಪಣ್ಣ, ಅವರ ಪತ್ನಿ ಲಿಂಗಮ್ಮ ವಚನಕಾರ್ತಿ. ಅಡಕತ್ತರಿಗಳನ್ನು ಹಿತ್ತಾಳೆಯಲ್ಲಿ ಗಿಳಿ, ಕುದುರೆ, ಗಂಡಹೆಂಡಿರ ಜೋಡಿಯಾಗಿ ಮಾಡಿ ಉಕ್ಕಿನ ಅಲಗು ಕೂಡಿಸುತ್ತಿದ್ದರು. ಪುಣೆಯ ಕೇಳಕರ ಮ್ಯೂಸಿಯಮ್ಮಿನಲ್ಲಿ ಅವುಗಳ ದೊಡ್ಡ ಸಂಗ್ರಹವಿದೆ. ದಿನಕರ ಗಂಗಾಧರ ಕೇಳಕರ (1896–1990) ಕನ್ನಡಕದ ವ್ಯಾಪಾರಿ, ಮರಾಠಿ ಕವಿ. ಚಿಕ್ಕ ವಯಸ್ಸಿನಲ್ಲಿ ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಅಡುಗೆಮನೆಯ ಪಾತ್ರೆ, ದೀಪ, ಬೀಗ, ಅಡಕತ್ತರಿಗಳನ್ನು ಊರೂರು ಅಲೆದು ಕೂಡಿಸಿದರು. ಪತ್ನಿ ಕಮಲಾಬಾಯಿಯವರೂ ಜೊತೆಗೆ ಅಲೆದರು. ರಾಜರ ಖಡ್ಗ ಕೂಡಿಸುವವರು ಬಹಳ. ಹೆಂಗಸರು ಮುಟ್ಟಿದ ವಸ್ತುಗಳನ್ನೂ ಇಟ್ಟುಕೊಳ್ಳಬೇಕೆಂದು ಆ ಕಾಲಕ್ಕೇ ತಿಳಿದವರು ಅವರು. ಆ ಮನೆ ನೋಡಿ ಬಂದ ಮೇಲೆ ಸಂಗ್ರಹಕಾರರನ್ನು ಒಟ್ಟಾರೆ ಬೈಯಲು ನನಗೆ ಮನಸ್ಸಾಗುವುದಿಲ್ಲ. ಸ್ಟೀಲಿನ ಡಬ್ಬಿಗೆ ಬದಲಾಗಿ ತಾಮ್ರದ ಹಂಡೆಯನ್ನೇ ತೂಕಕ್ಕೆ ಕೊಟ್ಟ ಕಾಲದಲ್ಲಿ ಅಂಥವರಿಲ್ಲದಿದ್ದರೆ ಆ ಗಿಳಿ ಕುದುರೆಗಳೆಲ್ಲ ಕರಗಿ ನಲ್ಲಿಯಾಗುತ್ತಿದ್ದವು.

ಆದರೆ ಮನೆಬಾಗಿಲಿಗೆ ಬರುವ ದಲಾಲಿಗಳು ಕೇಳಕರರಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಕುಶಲವಸ್ತುಗಳು ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇದನ್ನು ಅವರು ನಮಗೆ ಹೇಳುವುದಿಲ್ಲ. ಹಳ್ಳಿಯ ಮುದುಕಿಯರಿಗೆ ವಸ್ತುವಿನ ವಯಸ್ಸು ಗೊತ್ತಿಲ್ಲದಿರುವುದೇ ಅವರ ಲಾಭ.

ನಮ್ಮ ಸೋದರತ್ತೆಯ ಹತ್ತಿರ ಗಿಳಿಮೂತಿಯ ಅಡಕತ್ತರಿಯೊಂದಿದೆ. ಅವಳ ಅತ್ತೆಯ ಅತ್ತೆಯದು. ಹೋದ ವರ್ಷ ಅಂಥವನೊಬ್ಬ ಭಾಲ್ಕಿಯ ಮನೆಗೆ ಬಂದು ಕೂತ. ಕೈಯಲ್ಲಿ ತಿರುಗಿಸಿ ಮುರುಗಿಸಿ ನೋಡಿ ಹೇಳಿದ ಬೆಲೆಗೆ ಸೊಸೆಯಂದಿರು ಮುಖಮುಖ ನೋಡಿಕೊಂಡರು. ಮೊಮ್ಮಗಳ ಕಾಲೇಜಿನ ಫೀಸು ಕಟ್ಟುವುದು ಬಾಕಿಯಿತ್ತು. ಮಾರಬೇಕೆಂದು ಒಬ್ಬಳು, ತೊಳೆದು ಷೋಕೇಸಿನಲ್ಲಿಡೋಣವೆಂದು ಇನ್ನೊಬ್ಬಳು. ಅತ್ತೆಗೆ ಹಲ್ಲಿಲ್ಲ. ಅಡಿಕೆಯನ್ನು ಕಾಗದದಷ್ಟು ತೆಳ್ಳಗೆ ಕತ್ತರಿಸಿಕೊಂಡರೆ ಮಾತ್ರ ಅವಳ ಮಧ್ಯಾಹ್ನ ಕಳೆಯುವುದು. "ನಾ ಇರೋತನಕ ಇದು ಅಡಿಕಿ ಕತ್ತರಸ್ತದ. ಆಮ್ಯಾಲ ನಿಮ್ಮ ನಿಮ್ಮೊಳಗ ನೋಡ್ಕೋರಿ" ಎಂದು ಅವನ ಕೈಯಿಂದ ಇಸಿದುಕೊಂಡಳು. ಫೀಸಿಗೆ ತನ್ನ ಎರಡು ಬಳೆಗಳನ್ನು ಅಡವಿಟ್ಟಳು, ಅದು ಬೇರೆ ಮಾತು.

ಆ ದಲಾಲಿ ಹೋಗುವಾಗ ನನಗೊಂದು ಉಪದೇಶ ಮಾಡಿದ. ಅಡಕತ್ತರಿಯ ಕೀಲು ಸಡಿಲವಾಗಿದೆ, ಅದನ್ನು ಮಾತ್ರ ಯಾರ ಕೈಯಲ್ಲೂ ಬಡಿಸಬೇಡಿರಿ, ಹೊಸ ಕೀಲು ಬಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂದ. ನಾನು ಅತ್ತೆಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಸುಗ್ಗಿಗೆ ಮೊದಲು ಘಿಸಾಡಿಗಳ ಬಂಡಿ ಬಂತು. ಮೊಮ್ಮಗನನ್ನು ಕರೆದುಕೊಂಡು ತಾನೇ ಹೋಗಿ, ಆ ಹೆಣ್ಣುಮಗಳ ಎದುರು ಕೂತು, ಹಳೆಯ ಕೀಲು ತೆಗೆಸಿ ಹೊಸದು ಬಡಿಸಿಕೊಂಡು ಬಂದಳು. ಇಪ್ಪತ್ತು ರೂಪಾಯಿ ಕೇಳಿದ್ದಳಂತೆ, ಹದಿನೈದು ಕೊಟ್ಟು, ಮೇಲೆ ಎರಡು ರೊಟ್ಟಿ ಕೊಟ್ಟಳಂತೆ. ಹಳೆಯ ಕೀಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದಿದ್ದಳು; ಅದು ಈಗ ನನ್ನ ಹೊಲಿಗೆಯ ಡಬ್ಬಿಯಲ್ಲಿದೆ.